ಲೆಕ್ಕಕ್ಕೆ ಬಂದ ಗರ್ಭ, ಕನಸಿಗೆ ಬಂದ ಕೂಸು

ಗರ್ಭ ಎಷ್ಟು ತಿಂಗಳಿನದಾಗಿತ್ತೋ ಅಷ್ಟು ರಾತ್ರಿ ಕಳೆದರೆ ತಾಯಿ ಶುದ್ಧಳಾಗುತ್ತಾಳೆ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಇಂದಿನ ವಿಜಯಪುರ ಸೀಮೆಯೂ ಆಗ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲೇ ಇತ್ತು. ಧರ್ಮಶಾಸ್ತ್ರಕಾರರು ಈ ಲೆಕ್ಕವನ್ನು ಇನ್ನೂ ನಯಗೊಳಿಸಿದರು: ನಾಲ್ಕನೆಯ ತಿಂಗಳವರೆಗೆ ಹೋದರೆ ಸ್ರಾವ, ಐದು-ಆರರಲ್ಲಿ ಹೋದರೆ ಪಾತ, ಅದರಾಚೆಗೆ ಪ್ರಸವ. ಮೂರು ತಿಂಗಳಿಗೆ ಮೂರು ರಾತ್ರಿ, ಐದು ತಿಂಗಳಿಗೆ ಐದು ರಾತ್ರಿ. ಅಳತೆ ನಿಖರವಾಗಿಯೇ ಇದೆ. ಆದರೆ ಅಳೆದದ್ದು ಮೈಲಿಗೆಯನ್ನು. ಆ ರಾತ್ರಿಗಳು ಮುಗಿದರೆ ಆಕೆ ಸ್ನಾನ ಮಾಡಿ ಮತ್ತೆ ಒಲೆಯ ಮುಂದೆ ಕೂರಬಹುದು. ಕಳೆದುಕೊಂಡದ್ದಕ್ಕಾಗಿ ಎಷ್ಟು ರಾತ್ರಿ ಅಳಬಹುದು ಎಂಬುದು ಆ ಗ್ರಂಥಗಳ ಪ್ರಶ್ನೆಯಾಗಿರಲಿಲ್ಲ.

ವಿಜಯಪುರ ನಗರ ಮತ್ತು ಅದರ ಮಗ್ಗುಲಿನ ತಿಕೋಟಾ, ಬಬಲೇಶ್ವರಗಳ ಸೀಮೆಯಲ್ಲಿ ಬಸಿರು ನಿಲ್ಲದೆ ಹೋದ ಹೆಣ್ಣನ್ನು ಸಮಾಜ ನಡೆಸಿಕೊಂಡ ಬಗೆಗೆ ಒಂದು ಇತಿಹಾಸವಿದೆ. ಈ ನೆಲವನ್ನು ಆಳಿದ ಒಂದೊಂದು ವ್ಯವಸ್ಥೆಯೂ ಕಳೆದ ಗರ್ಭವನ್ನು ತನ್ನದೇ ಅಳತೆಗೋಲಿನಿಂದ ಎಣಿಸಿತು: ಶಾಸ್ತ್ರ ರಾತ್ರಿಗಳಲ್ಲಿ, ಷರೀಅತ್ ದಿನಗಳಲ್ಲಿ, ಸರ್ಕಾರ ವಾರಗಳಲ್ಲಿ. ಎಣಿಸಿದವರು ಹಲವರಾದರೂ ತಾಯಿಯ ದುಃಖಕ್ಕೆ ಒಂದು ವಿಧಿ ಕಟ್ಟಿಕೊಟ್ಟವರು ಕಡಿಮೆ. ಹಗಲಿನಲ್ಲಿ ಜಾಗ ಸಿಗದ ಆ ದುಃಖ ಕನಸಿನಲ್ಲಿ ಬಂತು. ಜನ ಕನಸಿಗೆ ಅರ್ಥ ಹೇಳುವ ಒಂದು ಸಂಪ್ರದಾಯ ಬೆಳೆಸಿಕೊಂಡರು, ಕನಸನ್ನು ಕೂತು ಕೇಳುವ ಇನ್ನೊಂದು ಸಂಪ್ರದಾಯವನ್ನೂ ಬೆಳೆಸಿಕೊಂಡರು. ಮೊದಲನೆಯದು ಬಹುಪಾಲು ಹೆಣ್ಣಿನ ಮೇಲೆ ತಪ್ಪು ಹೊರಿಸಿತು, ಎರಡನೆಯದು ಆಕೆಯನ್ನು ಉಳಿಸಿತು. ಉಳಿಸಿಕೊಳ್ಳಬೇಕಾದದ್ದು ಎರಡನೆಯದನ್ನು ಎಂಬುದು ಈ ಬರಹದ ವಾದ.

ಮೊದಲು ಮಣ್ಣಿಗೆ ಹೋದ ಕೂಸಿನ ಸಂಗತಿ ನೋಡೋಣ. ಎರಡು ವರ್ಷ ತುಂಬದ ಮಗುವನ್ನು ಸುಡದೆ ಹೂಳಬೇಕು, ಅದಕ್ಕೆ ತರ್ಪಣದ ನೀರು ಬಿಡುವಂತಿಲ್ಲ ಎಂದು ಯಾಜ್ಞವಲ್ಕ್ಯನೇ ಹೇಳುತ್ತಾನೆ. ಹುಟ್ಟಿ ಉಸಿರಾಡಿದ ಮಗುವಿಗೇ ನೀರಿಲ್ಲದಿದ್ದರೆ ಹುಟ್ಟದ ಕೂಸಿನ ಮಾತೇನು? ಹೂಳಲು ಗಂಡಸರು ಹೋಗುತ್ತಾರೆ, ಹಸಿಮೈಯ ತಾಯಿ ಒಳಕೋಣೆಯಲ್ಲೇ ಉಳಿಯುತ್ತಾಳೆ. ಎಷ್ಟೋ ಮನೆಗಳಲ್ಲಿ ಜಾಗ ಯಾವುದೆಂದು ಆಕೆಗೆ ಹೇಳುವುದೂ ಇಲ್ಲ. ಇದರ ಪರಿಣಾಮ ಕನಸಿನ ಮೇಲೆ ನೇರವಾಗಿ ಆಗುತ್ತದೆ. ತೀರಿಹೋದ ಹಿರಿಯರು ಕನಸಿನಲ್ಲಿ ಬಂದು ಹಸಿವು ಎಂದರೆ, ಹಳೆ ಬಟ್ಟೆಯಲ್ಲಿ ಕಂಡರೆ, ಈ ಸೀಮೆಯ ಮನೆಗಳಿಗೆ ಏನು ಮಾಡಬೇಕೆಂದು ಗೊತ್ತು: ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರಿನಲ್ಲಿ ಎಡೆ ಇಡುತ್ತಾರೆ, ಹೊಸ ಬಟ್ಟೆ ಇಟ್ಟು ಪೂಜಿಸುತ್ತಾರೆ. ಕನಸು ಕೇಳಿದ್ದಕ್ಕೆ ಹಗಲು ಉತ್ತರ ಕೊಟ್ಟಿತು, ಮನಸ್ಸು ಹಗುರಾಯಿತು. ಹುಟ್ಟದ ಕೂಸು ಕನಸಿನಲ್ಲಿ ಬಂದು ಅತ್ತರೆ ಮಾತ್ರ ಇಡಲು ಎಡೆಯಿಲ್ಲ, ಕರೆಯಲು ಹೆಸರಿಲ್ಲ, ಹೋಗಿ ನಿಲ್ಲಲು ಜಾಗವಿಲ್ಲ. ಉತ್ತರ ಸಿಗದ ಕನಸು ಮತ್ತೆ ಮತ್ತೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ.

ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರೂ ಅವರ ಸಂಗಡಿಗ ಶರಣರೂ ಹನ್ನೆರಡನೆಯ ಶತಮಾನದಲ್ಲಿ ಸೂತಕದ ಈ ಲೆಕ್ಕವನ್ನೇ ಅಳಿಸಿಹಾಕಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳೂ ಲಿಂಗವಂತರಿಗಿಲ್ಲ ಎಂಬ ನಿಲುವು ಹೆಣ್ಣಿಗೆ ಮಾಡಿದ ಉಪಕಾರ ದೊಡ್ಡದು. ಗರ್ಭ ಇಳಿದವಳು ಮೈಲಿಗೆಯವಳಲ್ಲ ಎಂದು ಧರ್ಮದ ಬಾಯಲ್ಲೇ ಹೇಳಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಆಚರಣೆಯಲ್ಲಿ ಆದದ್ದನ್ನೂ ನೋಡಬೇಕು. ಮೈಲಿಗೆಯ ದಿನಗಳು ಎಷ್ಟೇ ಅವಮಾನಕರವಾಗಿದ್ದರೂ ಅವು ಕೆಲಸದಿಂದ ಬಿಡುವಿನ ದಿನಗಳೂ ಆಗಿದ್ದವು, ಮನೆಯಲ್ಲಿ ಏನೋ ಆಗಿದೆ ಎಂದು ನೆರೆಯವರಿಗೆ ತಿಳಿಸುವ ಗುರುತೂ ಆಗಿದ್ದವು. ಗುರುತು ಹೋಯಿತು, ಅದರ ಜಾಗಕ್ಕೆ ದುಃಖದ ಇನ್ನೊಂದು ಗುರುತು ಬರಲಿಲ್ಲ. ಇದು ಶರಣರ ದೋಷವಲ್ಲ. ಅವರು ಹಾಕಿದ ತಳಹದಿಯ ಮೇಲೆ ಕಟ್ಟಬೇಕಿದ್ದುದನ್ನು ನಂತರದವರು ಕಟ್ಟಲಿಲ್ಲ, ಅಷ್ಟೆ.

ಆದಿಲಶಾಹಿಗಳ ಕಾಲಕ್ಕೆ ಬಂದರೆ ಲೆಕ್ಕ ಬದಲಾಗುತ್ತದೆ. ಯೂಸುಫ್ ಆದಿಲಶಾಹ 1502ರಲ್ಲಿ ಶಿಯಾ ಪಂಥವನ್ನು ರಾಜ್ಯದ್ದೆಂದು ಸಾರಿದ, ಮೊದಲನೆಯ ಇಬ್ರಾಹಿಂ 1534ರ ನಂತರ ಸುನ್ನಿಗೆ ತಿರುಗಿಸಿದ, 1558ರಲ್ಲಿ ಪಟ್ಟಕ್ಕೆ ಬಂದ ಮೊದಲನೆಯ ಅಲಿ ಮತ್ತೆ ಶಿಯಾಕ್ಕೆ ತಂದ, ಎರಡನೆಯ ಇಬ್ರಾಹಿಂನ ಕಾಲದಲ್ಲಿ ಮತ್ತೆ ಸುನ್ನಿ. ಅರಮನೆಯ ಪಂಥ ಹೀಗೆ ಮಗ್ಗುಲು ಬದಲಿಸುತ್ತಿದ್ದಾಗಲೂ ಎರಡು ಪಂಥಗಳೂ ಒಪ್ಪಿಕೊಂಡ ಒಂದು ಗಡಿಯಿತ್ತು. ಗರ್ಭಕ್ಕೆ ನೂರಿಪ್ಪತ್ತು ದಿನವಾದಾಗ, ಅಂದರೆ ನಾಲ್ಕು ತಿಂಗಳಿಗೆ, ಅದರಲ್ಲಿ ಆತ್ಮ ಊದಲ್ಪಡುತ್ತದೆ. ಅದಾದ ಮೇಲೆ ಹೋದ ಕೂಸನ್ನು ತೊಳೆದು, ಬಟ್ಟೆ ಸುತ್ತಿ ದಫನ್ ಮಾಡಬೇಕು. ಜೀವದ ಲಕ್ಷಣ ತೋರದೆ ಹುಟ್ಟಿದ ಕೂಸಿಗೆ ಜನಾಜಾ ನಮಾಜು ಇಲ್ಲವೆಂದು ಸುನ್ನಿಗಳಲ್ಲಿ ಹನಫಿಗಳು ಹೇಳಿದರೂ ಹೆಸರಿಡಲು ಅಡ್ಡಿಯಿಲ್ಲ. ಹೋದ ಕೂಸು ತಾಳ್ಮೆಯಿಂದಿದ್ದ ತಾಯಿಯನ್ನು ಹೊಕ್ಕುಳಬಳ್ಳಿ ಹಿಡಿದು ಸ್ವರ್ಗಕ್ಕೆ ಕರೆದೊಯ್ಯುತ್ತದೆ ಎಂಬ ಮಾತೂ ಹದೀಸ್ ಪರಂಪರೆಯಲ್ಲಿದೆ. ಹೆಸರು, ಬಟ್ಟೆ, ಮುಂದೊಮ್ಮೆ ಭೇಟಿಯಾಗುವ ಭರವಸೆ, ಈ ಮೂರನ್ನೂ ಒಟ್ಟಿಗೆ ಕೊಟ್ಟದ್ದು ಈ ಸೀಮೆಯ ವ್ಯವಸ್ಥೆಗಳಲ್ಲಿ ಇದೊಂದೇ. ನಾಲ್ಕು ತಿಂಗಳು ತುಂಬದೆ ಹೋದವಳಿಗೆ ಮಾತ್ರ ಇಲ್ಲಿಯೂ ಹೆಚ್ಚೇನೂ ದಕ್ಕಲಿಲ್ಲ.

ಬ್ರಿಟಿಷರ ಕಾಲದ ದಾಖಲೆ ಇನ್ನೊಂದು ಬಗೆಯದು. 1876–78ರ ಬರ ಆಗ ಕಲಾದಗಿ ಎನ್ನಿಸಿಕೊಂಡಿದ್ದ ಈ ಜಿಲ್ಲೆಯನ್ನು ಹಿಂಡಿಹಾಕಿತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಇಲ್ಲಿಯ ಜನಸಂಖ್ಯೆ ಐದರಲ್ಲೊಂದು ಪಾಲಿನಷ್ಟು ಇಳಿಯಿತು. 1884ರಲ್ಲಿ ಹೊರಬಂದ ಬಿಜಾಪುರ (ಇಂದಿನ ವಿಜಯಪುರ) ಗೆಜೆಟಿಯರ್ ಬರದ ಕಾಮಗಾರಿ, ಕಾಳಿನ ದರ, ಸಾವು ಎಲ್ಲವನ್ನೂ ಬರೆದಿಟ್ಟಿದೆ. ಹೊಟ್ಟೆಗಿಲ್ಲದ ಹೆಣ್ಣಿನ ಬಸಿರು ನಿಲ್ಲುವುದಿಲ್ಲವೆಂಬುದು ಯಾವ ಸೂಲಗಿತ್ತಿಗೂ ಗೊತ್ತಿದ್ದ ಸಂಗತಿ, ಅದಕ್ಕೆ ಮಾತ್ರ ಕೋಷ್ಟಕವಿಲ್ಲ. ಸ್ವತಂತ್ರ ಭಾರತ ಆ ಕೋಷ್ಟಕ ಮಾಡಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 28 ವಾರ ತುಂಬಿ ಸತ್ತು ಹುಟ್ಟಿದ ಕೂಸನ್ನು ನೋಂದಾಯಿಸಬೇಕು. ಅದರ ನಮೂನೆಯಲ್ಲಿ ಲಿಂಗ, ತಂದೆತಾಯಿಯ ಹೆಸರು, ಗರ್ಭದ ಅವಧಿ, ಸಾವಿನ ಕಾರಣ ಇವೆಲ್ಲಕ್ಕೂ ಅಂಕಣವಿದೆ, ಕೂಸಿನ ಹೆಸರಿಗೆ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಗರ್ಭಪಾತವಾದವಳಿಗೆ ಆರು ವಾರದ ಸಂಬಳಸಹಿತ ರಜೆ ಕೊಟ್ಟಿತು. ತಿಕೋಟಾದ ದ್ರಾಕ್ಷಿ ತೋಟಕ್ಕೆ ದಿನಗೂಲಿಯ ಮೇಲೆ ಹೋಗುವ ಹೆಣ್ಣಿನ ತನಕ ಆ ರಜೆ ಬಂದು ಮುಟ್ಟುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಹಿಂದಿನ ಕಾಲದಲ್ಲಿ ಹತ್ತು ಹಡೆದು ಮೂರು ಉಳಿಸಿಕೊಳ್ಳುವುದೇ ರೂಢಿಯಾಗಿತ್ತು. ಅಂಥವರು ಇಳಿದುಹೋದ ಒಂದೊಂದು ಗರ್ಭಕ್ಕೂ ಇಷ್ಟು ನೊಂದಿರಲು ಸಾಧ್ಯವೇ, ನಮ್ಮ ಇಂದಿನ ಮನಸ್ಸನ್ನು ಅವರ ಮೇಲೆ ಹೊರಿಸುತ್ತಿಲ್ಲವೇ? ಪ್ರಶ್ನೆ ಸರಿಯಾದದ್ದೇ, ಆದರೆ ಸಾಕ್ಷ್ಯ ಬೇರೆ ಹೇಳುತ್ತದೆ. ಮೊದಲಿನವು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದೋ, ಗುಂಡಪ್ಪ, ಕಲ್ಲಪ್ಪ ಎಂದೋ ಕರೆಯುವುದು ಉತ್ತರ ಕರ್ನಾಟಕದ ಉದ್ದಗಲಕ್ಕೂ ಇದ್ದ ಪದ್ಧತಿ. ಬೇಡದ ವಸ್ತುವೆಂದು ಮೃತ್ಯು ಇದನ್ನಾದರೂ ಬಿಟ್ಟುಬಿಡಲಿ ಎಂಬ ಉಪಾಯ ಅದು. ಹೋದದ್ದು ಹೋಯಿತೆಂದು ಸುಮ್ಮನಿದ್ದವರು ಇಷ್ಟು ಹೆದರುವುದಿಲ್ಲ. ಬರಿದೊಟ್ಟಿಲು ತೂಗಬಾರದೆಂಬ ಕಟ್ಟಳೆಯ ಹಿಂದೆಯೂ ಅದೇ ಅಂಜಿಕೆ. ಈ ಜಿಲ್ಲೆಯದೇ ಆದ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಕಲನದಲ್ಲಿ ಕಂದನಿಗೆ ಸಿಕ್ಕಿರುವ ಜಾಗ ನೋಡಿದರೆ, ಮಕ್ಕಳಿಲ್ಲದ ಸಂಕಟ ಅಲ್ಲಿ ಕೇಳಿಸುವ ಬಗೆ ನೋಡಿದರೆ, ಸಾವು ಸಾಮಾನ್ಯವಾಗಿದ್ದರಿಂದ ದುಃಖ ಕಡಿಮೆಯಿತ್ತು ಎಂಬ ಊಹೆ ನಿಲ್ಲುವುದಿಲ್ಲ. ಆ ಗೆಳೆಯರಿಗೆ ಹತ್ತಿರದವರಾಗಿದ್ದ ಬೇಂದ್ರೆ ತಮ್ಮ ಮಕ್ಕಳಲ್ಲಿ ಹೆಚ್ಚಿನವರನ್ನು ಕಳೆದುಕೊಂಡರು, ಮಗುವಿನ ಸಾವಿನ ಎದುರು ಗಂಡಹೆಂಡಿರ ನೋಟವನ್ನು ಕವಿತೆಯಾಗಿಸಿದರು. ಹುಟ್ಟಿ ಹೋದವರಿಗೆ ಹಾಡು, ಕವಿತೆ ದೊರೆತವು. ಹುಟ್ಟದೆ ಹೋದವರ ಪಾಲಿಗೆ ಬಂದದ್ದು ಕನಸು.

ಕನಸಿನಲ್ಲಿ ಏನು ಕಾಣುತ್ತದೆ ಎಂಬುದಕ್ಕೆ ಮೈಯೇ ಮೊದಲ ಸಾಕ್ಷಿ. ದಿನ ತುಂಬುವ ಹೊತ್ತಿಗೆ ಕೂಸು ಹೋದರೂ ಎದೆಯಲ್ಲಿ ಹಾಲು ಇಳಿಯುತ್ತದೆ. ಹಾಲು ಬತ್ತಲೆಂದು ಮಲ್ಲಿಗೆ ಹೂವನ್ನು ಎದೆಗೆ ಕಟ್ಟುವುದು ದಕ್ಷಿಣ ಭಾರತದಲ್ಲಿ ಹಳೆಯ ಉಪಚಾರ, ಅದು ಕೆಲಸ ಮಾಡುತ್ತದೆಂದು 1980ರ ದಶಕದಲ್ಲಿ ವೈದ್ಯರೂ ಪರೀಕ್ಷಿಸಿ ಕಂಡರು. ಮದುವೆಯಲ್ಲಿ ಮುಡಿದ ಹೂವನ್ನೇ ಕೂಸಿಲ್ಲದ ಎದೆಗೆ ಕಟ್ಟಿಕೊಂಡು, ಕುಬಸದಲ್ಲಿ ಉಟ್ಟ ಹಸಿರು ಸೀರೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮಲಗಿದವಳಿಗೆ ಬೀಳುವ ಕನಸು ಎಂಥದ್ದು? ಕೂಸು ಪಕ್ಕದ ಕೋಣೆಯಲ್ಲಿ ಅಳುತ್ತದೆ, ಹೋಗಿ ನೋಡಿದರೆ ಇಲ್ಲ. ಹಾಸಿಗೆಯಲ್ಲಿ ಹುಡುಕುತ್ತಾಳೆ. ಯಾರೋ ಎತ್ತಿಕೊಂಡು ಹೋದರು, ಅಥವಾ ತಾನೇ ಎಲ್ಲೋ ಇಟ್ಟು ಮರೆತಳು. ಮಾಂಟ್ರಿಯಲ್‌ನ ಸಂಶೋಧಕ ಟೋರೆ ನೀಲ್ಸೆನ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಬೆಳಕು ಚೆಲ್ಲುತ್ತದೆ. ಕೂಸು ಹಾಸಿಗೆಯಲ್ಲೆಲ್ಲೋ ಕಳೆದುಹೋದಂತೆ ಕಂಡು ಹೊದಿಕೆಯಲ್ಲಿ ತಡಕಾಡುವ ಕನಸು ಆರೋಗ್ಯವಾಗಿರುವ ಬಾಣಂತಿಯರಿಗೂ ಬಲು ಸಾಮಾನ್ಯವೆಂದು ಅದು ಕಂಡುಕೊಂಡಿತು. ಇದರಿಂದ ಒಂದು ತೀರ್ಮಾನಕ್ಕೆ ಬರಬಹುದು. ಕೂಸನ್ನು ಕಳೆದುಕೊಂಡವಳು ಕಾಣುವುದು ಬಹುಮಟ್ಟಿಗೆ ಬಾಣಂತಿಯರೆಲ್ಲ ಕಾಣುವ ಕನಸನ್ನೇ. ಉಳಿದವರು ಎಚ್ಚೆತ್ತು ಪಕ್ಕದಲ್ಲಿ ಕೂಸನ್ನು ಮುಟ್ಟಿ ಸಮಾಧಾನಗೊಳ್ಳುತ್ತಾರೆ, ಈಕೆಗೆ ಎಚ್ಚರವೇ ಎರಡನೆಯ ಪೆಟ್ಟು. ಲೋಕ ಆಕೆಯನ್ನು ಬಾಣಂತಿ ಎನ್ನದಿದ್ದರೂ ಆಕೆಯ ನಿದ್ದೆಗೆ ಅದು ಗೊತ್ತು.

ಇಂಥ ಕನಸಿಗೆ ಊರು ಹೇಳಿದ ಅರ್ಥಗಳು ಹೆಚ್ಚಾಗಿ ಆಪಾದನೆಯ ರೂಪದವು. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿರಬೇಕು, ಬೇಡದ ಕಡೆ ದಾಟಿರಬೇಕು, ಹರಕೆ ಮರೆತಿರಬೇಕು, ಯಾರದೋ ಕಣ್ಣು ತಾಗಿರಬೇಕು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ಇದಕ್ಕೆ ಸೇರಿದರೆ ಮುಂದಿನ ಬಸಿರೂ ಭಯದ ಬಸಿರಾಗುತ್ತದೆ. ಇದು ನಮ್ಮ ಪರಂಪರೆ, ಟೀಕಿಸುವುದು ಬೇಡ ಎನ್ನುವವರುಂಟು. ಪರಂಪರೆಯ ಒಳಗೇ ಇದಕ್ಕೆ ಉತ್ತರವಿದೆ. ಚರಕ ಸಂಹಿತೆ ಕನಸುಗಳನ್ನು ಏಳು ಬಗೆಯಾಗಿ ಎಣಿಸುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟುವುದು. ಇವುಗಳಲ್ಲಿ ಮೊದಲ ಐದಕ್ಕೆ ಫಲವಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಅನುಭವಿಸಿದ್ದನ್ನೂ ಬಯಸಿದ್ದನ್ನೂ ಮನಸ್ಸು ಮತ್ತೆ ಕಾಣುವುದು ಶಕುನವಲ್ಲ. ಗರ್ಭ ಕಳೆದುಕೊಂಡವಳ ಕನಸು ಈ ಎರಡು ಬಗೆಗಳಿಗೇ ಸೇರಿದ್ದು. ಎರಡು ಸಾವಿರ ವರ್ಷಗಳಷ್ಟು ಹಳೆಯ ವೈದ್ಯ ಪರಂಪರೆ ಆಕೆಯನ್ನು ಬಿಡುಗಡೆ ಮಾಡಿದ್ದರೂ ಊರು ಮಾಡಲಿಲ್ಲ.

ಕೇಳುವ ಸಂಪ್ರದಾಯಕ್ಕೆ ಸಾಕ್ಷ್ಯ ಬೇರೆ ಕಡೆ ಇದೆ. ಅಕ್ಕಮಹಾದೇವಿಯ ಒಂದು ಪ್ರಸಿದ್ಧ ವಚನ ತಾನು ಕಂಡ ಕನಸನ್ನು ಇನ್ನೊಬ್ಬ ಹೆಣ್ಣಿಗೆ ಹೇಳುವ ರೂಪದಲ್ಲಿದೆ. ಅಲ್ಲಿ ಕೇಳುವವಳು ಫಲ ಹೇಳುವುದಿಲ್ಲ, ಶಾಂತಿ ಮಾಡಿಸು ಎನ್ನುವುದಿಲ್ಲ, ಕೇಳುತ್ತಾಳೆ. ಇಂಥ ವಚನಗಳ ತಾಳೆಗರಿಗಳನ್ನು ಹುಡುಕಿ ತಂದು 1923ರಿಂದ ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರ ಕಾರ್ಯಕ್ಷೇತ್ರ ಇದೇ ಬಿಜಾಪುರ. ಇನ್ನೊಂದು ಸಾಕ್ಷ್ಯ ಸೂಫಿಗಳದು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ದಖನಿ ಭಾಷೆಯ ಚಕ್ಕಿನಾಮಾಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾರೆ. ಹೆಂಗಸರು ಬೀಸುತ್ತಾ ಹಾಡಲೆಂದು ಕಟ್ಟಿದ ಈ ಹಾಡುಗಳು ಬೀಸುಕಲ್ಲಿನ ಗೂಟವನ್ನು ಅಲ್ಲಾಹನ ಹೆಸರಿನ ಮೊದಲಕ್ಷರವಾದ ಅಲಿಫ್‌ಗೆ ಹೋಲಿಸುತ್ತವೆ. ಕನ್ನಡದ ತ್ರಿಪದಿಗಳು ಬದುಕಿದ್ದೂ ಅದೇ ಕಲ್ಲಿನ ಮುಂದೆ. ಅದು ಎಂಥ ಜಾಗವೆಂದು ನೆನೆಯಬೇಕು. ಕೋಳಿ ಕೂಗುವ ಮೊದಲು ಎದ್ದು, ಎದುರುಬದುರು ಕಾಲು ಚಾಚಿ ಕೂತ ಇಬ್ಬರು ಹೆಂಗಸರು, ಇಬ್ಬರ ಕೈಯಲ್ಲೂ ಒಂದೇ ಗೂಟ, ನಡುನಡುವೆ ಕಲ್ಲಿನ ಬಾಯಿಗೆ ಒಂದೊಂದು ಮುಟಿಗಿ ಜೋಳ. ಗಂಡಸರು ಇನ್ನೂ ಎದ್ದಿಲ್ಲ. ಕನಸು ಮುರಿದು ಎದ್ದವಳು ಮೊದಲು ಬರುವುದು ಇಲ್ಲಿಗೆ, ಕಲ್ಲಿನ ಸದ್ದಿನಲ್ಲಿ ಆಡಿದ ಮಾತು ಎದುರಿನವಳಿಗಷ್ಟೇ ಕೇಳುತ್ತದೆ. ಕನಸು ಮುಗಿಯುವ ಹೊತ್ತೂ ಬೀಸುವ ಹೊತ್ತೂ ಒಂದೇ ಆಗಿದ್ದ ಆ ಲೋಕದಲ್ಲಿ ಕನಸಿಗೆ ಕೇಳುಗರನ್ನು ಹುಡುಕಿಕೊಂಡು ಹೋಗಬೇಕಿರಲಿಲ್ಲ. ಹಿಟ್ಟಿನ ಗಿರಣಿ ಬಂದಾಗ ಹೆಣ್ಣಿನ ರಟ್ಟೆ ಉಳಿಯಿತು, ಅದು ಒಳ್ಳೆಯದೇ ಆಯಿತು. ಹೇಳಿಕೊಳ್ಳುವ ಆ ಹೊತ್ತು ಮಾತ್ರ ಕೈಬಿಟ್ಟು ಹೋಯಿತು.

ದರ್ಗಾ, ಮಠಗಳೂ ಕೇಳುವ ಜಾಗಗಳಾಗಿದ್ದವು. ತಿಕೋಟಾದ ಹಾಜಿ ಮಸ್ತಾನ್ ದರ್ಗಾ, ಬಬಲೇಶ್ವರದ ಗುರುಪಾದೇಶ್ವರ ಮಠಗಳಂಥ ತಾಣಗಳಿಗೆ ಜಾತಿ ಮತ ನೋಡದೆ ಜನ ಹೋಗುತ್ತಾರೆ. ಮಕ್ಕಳ ಫಲ ಬೇಡಿ ಹೆಂಗಸರು ದರ್ಗಾಗಳಿಗೆ ಬರುತ್ತಿದ್ದುದನ್ನು ಈಟನ್ ಕೂಡ ಗುರುತಿಸಿದ್ದಾರೆ. ಅಂಥ ಹರಕೆಯ ಗುರುತಾಗಿ ಹಿಂದೂ ಮನೆಗಳಲ್ಲಿ ಫಕೀರಪ್ಪ, ಹುಸೇನಪ್ಪ ಎಂಬ ಹೆಸರಿನವರು ಇಂದಿಗೂ ಇದ್ದಾರೆ. ಆದರೆ ಇದರ ಮಿತಿಯನ್ನೂ ಒಪ್ಪಬೇಕು. ಹರಕೆ ನೋಡುವುದು ಮುಂದಿನ ಕೂಸಿನತ್ತ. ‘ಮತ್ತ ಆಗತೈತಿ ಬಿಡವಾ’ ಎಂಬ ನೆರೆಯವರ ಸಮಾಧಾನದ ದಾರಿಯೂ ಅದೇ. ಹೋದ ಕೂಸಿಗೆ ಬರುವ ಕೂಸು ಬದಲಿ ಎಂಬ ಲೆಕ್ಕವನ್ನು ಕನಸು ಒಪ್ಪುವುದಿಲ್ಲ. ಮುಂದೆ ಮಕ್ಕಳಾದ ಮೇಲೂ ಮೊದಲಿನದು ಕನಸಿನಲ್ಲಿ ವಯಸ್ಸಿಗೆ ತಕ್ಕಂತೆ ಬೆಳೆದು ಬರುವುದುಂಟು.

ಮರೆಸುವುದೇ ಕರುಣೆ, ಕೆದಕಿದರೆ ಗಾಯ ಹಸಿಯಾಗುತ್ತದೆ ಎಂಬುದು ಎರಡನೆಯ ಆಕ್ಷೇಪ. ನಮ್ಮ ಹಿರಿಯರು ಕೆಟ್ಟ ಮನಸ್ಸಿನಿಂದ ಸುಮ್ಮನಾಗಲಿಲ್ಲ, ನಿಜ. ಆದರೆ ಸಮಾಜ ಗುರುತಿಸದ ದುಃಖ ಬೇಗ ಆರುವ ಬದಲು ಒಳಗೇ ಉಳಿದು ಬೇರೆ ದಾರಿ ಹುಡುಕುತ್ತದೆಂದು ಅಮೆರಿಕದ ಕೆನೆತ್ ಡೋಕಾ 1989ರಲ್ಲಿ ವಿವರಿಸಿದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಗರ್ಭನಷ್ಟವೂ ಒಂದು. ಅಲ್ಪಾಯುಷಿಯನ್ನು ಬಹಿರಂಗವಾಗಿ ನೆನೆಯುವ ಶಕ್ತಿ ನಮ್ಮ ಜನಕ್ಕಿರಲಿಲ್ಲ ಎನ್ನುವಂತೆಯೂ ಇಲ್ಲ. ಭಾದ್ರಪದದಲ್ಲಿ ಗಣಪತಿಯ ಬೆನ್ನಿಗೇ ಹುಟ್ಟುವ ಜೋಕುಮಾರ ಏಳೇ ದಿನ ಬದುಕುತ್ತಾನೆ. ಬೇವಿನ ಎಲೆ ಹಾಸಿದ ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು, ಹೆಂಗಸರ ತಲೆಯ ಮೇಲೆ ಮನೆಮನೆ ತಿರುಗಿ ಹುಣ್ಣಿಮೆಯ ಹೊತ್ತಿಗೆ ಸಾಯುತ್ತಾನೆ. ಅದು ಮಳೆ-ಬೆಳೆಯ ಆಚರಣೆ, ಕೂಸಿನ ಶೋಕವಲ್ಲ ಎಂಬ ತಕರಾರು ಸರಿ. ಆದರೂ ಏಳು ದಿನದ ಆಯುಷ್ಯಕ್ಕೂ ಹುಟ್ಟಿನ ಹಾಡು, ಸಾವಿನ ಹಾಡು ಎರಡೂ ಸಲ್ಲಬೇಕೆಂಬುದನ್ನು ಊರು ಒಪ್ಪಿಕೊಂಡಿತ್ತು ಎಂಬಷ್ಟಕ್ಕೆ ಅದು ಸಾಕ್ಷಿ. ಜಪಾನಿನಲ್ಲಿ 1970ರ ದಶಕದಿಂದ ಹರಡಿದ ಮಿಜುಕೊ ಕುಯೋ ಎಂಬ ಆಚರಣೆಯಲ್ಲಿ ಹುಟ್ಟದ ಮಕ್ಕಳ ಹೆಸರಿನಲ್ಲಿ ದೇವಾಲಯಗಳಲ್ಲಿ ಮಕ್ಕಳನ್ನು ಕಾಯುವ ಜಿಜೋವಿನ ವಿಗ್ರಹ ನಿಲ್ಲಿಸುತ್ತಾರೆ. ಎಷ್ಟೋ ತಾಯಂದಿರಿಗೆ ಅದರಿಂದ ನೆಮ್ಮದಿ ಸಿಕ್ಕಿತು, ಹುಟ್ಟದ ಮಗು ಕಾಡುತ್ತದೆಂದು ಹೆದರಿಸಿ ಹಣ ಕೀಳುತ್ತಾರೆಂಬ ಟೀಕೆಯೂ ಅಲ್ಲಿಯೇ ಕೇಳಿಬಂತು. ವಿಧಿ ಕಟ್ಟುವಾಗಲೂ ಶಕುನದ ಭಯ ಹಿಂಬಾಗಿಲಿನಿಂದ ಬರದಂತೆ ನೋಡಿಕೊಳ್ಳಬೇಕು ಎಂಬ ಪಾಠ ಅದರಲ್ಲಿದೆ.

ಕನಸು ಇತಿಹಾಸಕ್ಕೆ ಆಧಾರವಾದೀತೇ, ಅದು ಬರಿ ಮಿದುಳಿನ ಗದ್ದಲವಲ್ಲವೇ ಎಂಬುದು ಕೊನೆಯ ಪ್ರಶ್ನೆ. ಒಬ್ಬಳ ಒಂದು ಕನಸಿನಿಂದ ಇತಿಹಾಸ ಬರೆಯಲಾಗದು. ಆದರೆ ಒಂದು ಸಮಾಜ ಕನಸಿನ ಸುತ್ತ ಕಟ್ಟಿಕೊಂಡ ನಂಬಿಕೆ, ಹೆಸರು, ಹರಕೆ, ಹಾಡುಗಳು ಕಲ್ಲಿನ ಶಾಸನದಷ್ಟೇ ಗಟ್ಟಿ ಪುರಾವೆ. ಅವುಗಳನ್ನು ಒಟ್ಟಿಗೆ ಓದಿದಾಗ ಕಾಣುವುದು ಇಷ್ಟು: ಈ ಸೀಮೆಯಲ್ಲಿ ಗರ್ಭ ಕಳೆದುಕೊಂಡ ಹೆಣ್ಣಿಗೆ ಕೊರತೆಯಾದದ್ದು ಅರ್ಥ ಹೇಳುವವರದ್ದಲ್ಲ, ಕೇಳುವವರದ್ದು.

ಇಂದು ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 42 ದಿನದೊಳಗೆ ಆರು ಸಲ ಮನೆಗೆ ಬರುವ ಏರ್ಪಾಡಿದೆ. ಆ ಭೇಟಿಗಳ ಪಟ್ಟಿ ಹೆಣೆದಿರುವುದು ನವಜಾತ ಶಿಶುವಿನ ಸುತ್ತ: ತೂಕ, ಉಷ್ಣತೆ, ಹೊಕ್ಕುಳು, ಎದೆಹಾಲು. ಕೂಸಿಲ್ಲದ ಬಾಣಂತಿಯ ಮನೆಗೂ ಅಷ್ಟೇ ಸಲ ಹೋಗುವಂತೆ ಅದನ್ನು ವಿಸ್ತರಿಸಲು ಹೊಸ ಕಟ್ಟಡ ಬೇಡ, ಹೊಸ ಹುದ್ದೆಯೂ ಬೇಡ. ಹೋದವರು ನಿದ್ದೆ ಬರುತ್ತದೆಯೇ, ಕನಸು ಬೀಳುತ್ತದೆಯೇ ಎಂದು ಕೇಳಬೇಕು, ಹೇಳಿದ್ದಕ್ಕೆ ಫಲ ಹೇಳದೆ ಕಿವಿಗೊಡಬೇಕು, ವಾರಗಟ್ಟಲೆ ನಿದ್ದೆಯಿಲ್ಲದೆ ಊಟ ಬಿಟ್ಟವಳನ್ನು ವೈದ್ಯರ ಹತ್ತಿರ ಕರೆದೊಯ್ಯಬೇಕು ಅಥವಾ 14416ರ ಟೆಲಿ ಮಾನಸ್ ಸಹಾಯವಾಣಿಗೆ ಜೋಡಿಸಬೇಕು. ಕೂಸಿಗೆ ಹೆಸರಿಡಬೇಕೆಂದು ತಾಯಿ ಬಯಸಿದರೆ ಮನೆಯವರು ಇಡಲಿ, ಹೂಳಿದ ಜಾಗ ಕೇಳಿದರೆ ತೋರಿಸಲಿ. ಇವುಗಳಲ್ಲಿ ಯಾವುದಕ್ಕೂ ಈ ನೆಲದ ಯಾವ ಧರ್ಮದ ಅಡ್ಡಿಯೂ ಇಲ್ಲ. ರೂಢಿಯ ಅಡ್ಡಿಯಿದೆ, ಅದು ಹಲವು ಸಲ ಬದಲಾದದ್ದನ್ನು ಇದೇ ಸೀಮೆಯ ಇತಿಹಾಸ ಕಂಡಿದೆ.